ಗೊಂಬೆಯ ಅಂಗಿಗೆ ತೂತು

ಕಳೆದ ಮಳೆಗಾಲ ಪೂರ್ತಿ ನಮ್ಮ ಹಳಿಯಾಳದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾಂಡೇಲಿಯಲ್ಲಿ ಫಿಟ್ಟರ್ ಆಗಿದ್ದು ಬೇಗನೆ ನಿವೃತ್ತಿ ಪಡೆದ ನನ್ನ ತಮ್ಮ ಅಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಉಗಿಬಂಡಿ ಕಟ್ಟುತ್ತಿದ್ದ. ಆಟದ ಬಂಡಿಯೇ, ಆದರೆ ಬ್ಯಾಟರಿಯದಲ್ಲ. ನಿಜವಾಗಿ ನೀರು ಕುದಿದು, ಆ ಉಗಿಯೇ ಗಾಲಿ ತಿರುಗಿಸುವಂಥದು. ಇಂಗ್ಲೆಂಡಿನಲ್ಲಿರುವ ಅವನ ಮಗಳು ರಜೆಗೆ ಬರುವಾಗ ಡಾನ್‌ಕಾಸ್ಟರ್ ಊರಿನ ರೌಂಡ್‌ಹೌಸ್ ಎಂಬ ಕಂಪನಿಯ ಬಿಡಿಭಾಗಗಳ ಪೆಟ್ಟಿಗೆ ತಂದುಕೊಟ್ಟಿದ್ದಳು. ತಾಮ್ರದ ಬಾಯ್ಲರ್ ಮಾತ್ರ ಕಂಪನಿಯಲ್ಲೇ ಬೆಸೆದು ಪರೀಕ್ಷಿಸಿ ಬರುತ್ತದೆ. ಉಳಿದದ್ದನ್ನು ಕೊಂಡವರೇ ಜೋಡಿಸಿಕೊಳ್ಳಬೇಕು.

ಜೊತೆಗಿದ್ದ ಪುಸ್ತಕ ಇಂಗ್ಲಿಷಿನದಾದ್ದರಿಂದ ನನ್ನ ಬಿ.ಎ., ಬಿ.ಎಡ್. ಎರಡು ದಿನ ಉಪಯೋಗಕ್ಕೆ ಬಂತು. ಎಡಗಾಲಿಯ ಕ್ರ್ಯಾಂಕಿಗೂ ಬಲಗಾಲಿಯ ಕ್ರ್ಯಾಂಕಿಗೂ 90 ಡಿಗ್ರಿ ಅಂತರವಿರಬೇಕು ಎಂದು ಓದಿ ಹೇಳಿದಾಗ ಅವನು ನಕ್ಕ. "ಅಕ್ಕಾ, ಎರಡೂ ಒಮ್ಮೆಲೇ ತುದಿಗೆ ಬಂದು ನಿಂತರ ಬಂಡಿ ಹೊರಡೂದು ಹೆಂಗ? ಒಂದು ಸೋತಾಗ ಇನ್ನೊಂದು ದೂಡಬೇಕಲ್ಲ." ಮೂರನೆಯ ದಿನ ನಾನು ಪುಸ್ತಕ ಮುಚ್ಚಿ ಚಹಾ ಮಾಡಿಕೊಡುವ ಕೆಲಸಕ್ಕೆ ಇಳಿದೆ.

ನಮ್ಮ ಅಪ್ಪ ಉಗಿಬಂಡಿಯ ಫೈರ್‌ಮನ್. ಅಳ್ನಾವರದಿಂದ ದಾಂಡೇಲಿಗೆ ಕಾಡಿನ ನಡುವೆ ಬರುತ್ತಿದ್ದ ಮೀಟರ್‌ಗೇಜ್ ಗಾಡಿಯಲ್ಲಿ ಕಲ್ಲಿದ್ದಲು ಎಸೆದವನು. ಆ ಮೀಟರ್‌ಗೇಜ್ ಹಳಿ ಈಗಿಲ್ಲ, ಬ್ರಾಡ್‌ಗೇಜ್ ಆಗಿದೆ. ಬಹಳ ವರ್ಷ ಪ್ರಯಾಣಿಕರ ಗಾಡಿಯೇ ಇಲ್ಲದೆ 2019ರಲ್ಲಿ ಅಂಬೇವಾಡಿಯವರೆಗೆ ಮತ್ತೆ ಬಂದಾಗ ಜನ ಹೂಮಾಲೆ ಹಾಕಿದ್ದರು. ತಮ್ಮನ ಬಂಡಿ ಓಡುವ ಪುಟ್ಟ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ಮೀಟರನ್ನು ಇಪ್ಪತ್ತೆರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಅವನಿಗೆ ಇಂಗ್ಲಿಷರ ಬಂಡಿ ಸಾಲದಾಯಿತು. ಹಸಿರು ಬಣ್ಣ ಬೇಡವೆಂದು ಕಪ್ಪು ಬಳಿದ. ಹಿತ್ತಾಳೆ ತಗಡು ಕತ್ತರಿಸಿ ಮುಂದೆ ದನ ದೂಡುವ ಜಾಲರಿ ಮಾಡಿದ, ದೊಡ್ಡ ದೀಪ ಕೂರಿಸಿದ. ಬಲ್ಲವರು ನೋಡಿದರೆ ನಕ್ಕಾರು. ಕೊನೆಗೆ ಒಂದು ಗೊಂಬೆ ತರಿಸಿ, ಖಾಕಿ ಅಂಗಿ, ತಲೆಗೆ ಕೆಂಪು ವಸ್ತ್ರ, ದಪ್ಪ ಮೀಸೆ ಬರೆದು ಒಳಗೆ ನಿಲ್ಲಿಸಿದ. ಕಣ್ಣು ಬರೆದವಳು ನಾನು. ಅಪ್ಪನೇ ನಿಂತಂತಿತ್ತು, ನನ್ನ ಕಣ್ಣು ತುಂಬಿತು.

ಎಂಬತ್ತೆರಡರ ಅವ್ವನ ಕೈಗೆ ಕೊಟ್ಟೆವು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಚಂದ ಐತಿ. ಆದರ ಅಂಗಿಗೆ ತೂತು ಎಲ್ಲಿ?" ಎಂದಳು.

ಇಬ್ಬರಿಗೂ ಮಾತು ಬರಲಿಲ್ಲ. ಕಿಡಿ ಸಿಡಿದು ತೂತಾಗದ ಅಂಗಿ ಅಪ್ಪನಿಗೆ ಒಂದೂ ಇರಲಿಲ್ಲ. ಅವ್ವ ವಾರಕ್ಕೊಮ್ಮೆ ಸೋಡಾ ಹಾಕಿ ಕುದಿಸಿ, ಒಗೆದು, ತೇಪೆ ಹಾಕುತ್ತಿದ್ದಳು. ದಿಂಬಿನಲ್ಲಿ ಇದ್ದಲ ಹರಳು, ಒಗೆದ ನೀರು ಮಸಿ. ನಾನು ಮೂವತ್ತು ವರ್ಷ ತರಗತಿಯಲ್ಲಿ ಅಪ್ಪನ ಕಥೆ ಹೇಳಿದ್ದೇನೆ. ಸಿಳ್ಳೆ, ಬೆಂಕಿ, ಕತ್ತಲ ಕಾಡು ಎಲ್ಲ ಬರುತ್ತಿತ್ತು. ತೇಪೆ ಹಾಕುವ ಅವ್ವ ಒಂದು ಸಲವೂ ಬಂದಿರಲಿಲ್ಲ.

ಸತ್ತವರನ್ನು, ಅವರು ಬದುಕಿದ್ದಕ್ಕಿಂತ ಚೊಕ್ಕಟವಾಗಿ ನೆನೆಯುವುದು ಗೌರವವೋ ಅನ್ಯಾಯವೋ? ಜೋಯಿಡಾ ಕಡೆಯ ರೆಸಾರ್ಟುಗಳ ಬಾಗಿಲಲ್ಲಿ ಬೀಸುವ ಕಲ್ಲು ಇಟ್ಟು ಮೇಲೆ ಹೂವು ಹರಡಿರುವುದನ್ನು ನೀವೂ ನೋಡಿರಬಹುದು. ನೋಡಲು ಚೆನ್ನ. ಆದರೆ ನಸುಕಿಗೆ ಎದ್ದು ಬೀಸಿದ ನಮ್ಮ ಅಜ್ಜಿಯ ಅಂಗೈ ಅಲ್ಲಿಲ್ಲ. ಮೈಸೂರಿನಲ್ಲಿ 1979ರಲ್ಲಿ ಆದ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಎಲ್ಲರೂ ಇಂಜಿನ್ ಹತ್ತಿ ಫೋಟೋ ತೆಗೆಸಿಕೊಂಡರು, ನಾನೂ ತೆಗೆಸಿಕೊಂಡೆ. ಯಂತ್ರ ತಣ್ಣಗಾದ ಮೇಲೆ ಅದನ್ನು ಪ್ರೀತಿಸುವುದು ಸುಲಭ. ಅಪ್ಪನಂತೂ ತಮ್ಮನನ್ನು ಎಂದೂ ಇಂಜಿನ್ ಹತ್ತಿಸಲಿಲ್ಲ. "ನೀ ಬ್ಯಾರೆ ಕೆಲಸ ಕಲಿ" ಎನ್ನುತ್ತಿದ್ದ. ಹಾಗಾದರೆ ಅವನು ಮಗನನ್ನು ಯಾವುದರಿಂದ ದೂರ ಇಟ್ಟನೋ ಅದನ್ನೇ ನಾವು ಆಟಿಕೆ ಮಾಡಿದೆವಲ್ಲ?

ತಮ್ಮ ಇದನ್ನು ಒಪ್ಪಲಿಲ್ಲ. "ಅಪ್ಪಗ ಅದರ ಮ್ಯಾಲೆ ಪ್ರೀತಿ ಇರಲಿಲ್ಲಂತ ಯಾರು ಹೇಳ್ಯಾರ? ಕರೀ ಹೊಗಿ ಬರದಂಗ ಬೆಂಕಿ ಸಮ ಹಿಡಿದ ದಿನ ಅಂವ ಮನಿಗೆ ಹೆಂಗ ಬರತಿದ್ದ, ಮರತಿಯೇನು?" ಮರೆತಿರಲಿಲ್ಲ. ಇದ್ದಲನ್ನು ತೆಳ್ಳಗೆ ಸಮನಾಗಿ ಹರಡಬೇಕು, ಒಂದೆಡೆ ರಾಶಿಯಾದರೆ ಹೊಗೆ, ಉಗಿ ಇಳಿಯುತ್ತದೆ. ಚೆನ್ನಾಗಿ ಮಾಡಿದ ದಿನ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಡೆಯುವ ರೀತಿಯೇ ಬೇರೆ. ಕಷ್ಟವನ್ನಷ್ಟೇ ನೆನೆದು ಆ ಹೆಮ್ಮೆ ಮರೆತರೆ ಅದೂ ಅವನಿಗೆ ಮಾಡುವ ಅನ್ಯಾಯವೇ. ತಮ್ಮನ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅವ್ವನ ಪ್ರಶ್ನೆಗೆ ಅವನಲ್ಲೂ ಇರಲಿಲ್ಲ.

ಇನ್ನೊಂದು ತಮಾಷೆ ಇದೆ. ಈ ಬಂಡಿ ಗ್ಯಾಸಿನಿಂದ ಉರಿಯುತ್ತದೆ. ಇದ್ದಲು ಎಸೆಯುವವನಿಗೆ ಅಲ್ಲಿ ಕೆಲಸವೇ ಇಲ್ಲ, ಗೊಂಬೆ ಸುಮ್ಮನೆ ನಿಂತಿರುತ್ತದೆ. ಅದನ್ನು ಹೇಳಿದಾಗ ಅವ್ವ, "ಇರಲಿ ಬಿಡು, ನಿಲ್ಲಲಿ. ಇದ್ದಾಗ ಎಲ್ಲಿ ನಿಂತಿದ್ದ" ಎಂದಳು.

ತಮ್ಮ ಸಣ್ಣ ಕುಂಚದಿಂದ ಅಂಗಿಗೆ ಮಸಿ ಬಳಿದ. ತೋಳಿನ ಮೇಲೆ ಸೂಜಿಯ ಮೊನೆಯಿಂದ ನಾಲ್ಕೈದು ಚುಕ್ಕೆ ಮಾಡಿದ. ದಸರೆಯ ಆಯುಧಪೂಜೆಯ ದಿನ ಪಡಸಾಲೆಯಲ್ಲಿ ಹಳಿ ಹಾಸಿ, ಡಿಸ್ಟಿಲ್ಡ್ ನೀರು ತುಂಬಿ, ಎಣ್ಣೆ ಹಾಕಿ, ಗ್ಯಾಸ್ ಹಚ್ಚಿದ. ಸ್ವಲ್ಪ ಹೊತ್ತಿಗೆ ಸೇಫ್ಟಿ ವಾಲ್ವ್ ಬುಸುಗುಟ್ಟಿತು. ಬಂಡಿ ಚುಕು ಚುಕು ಎನ್ನುತ್ತ ತುಳಸಿಕಟ್ಟೆಯವರೆಗೆ ಹೋಗಿ ಬಂತು. ಬಿಸಿ ಎಣ್ಣೆಯ ವಾಸನೆ ಮನೆ ತುಂಬಿತು. ಅದು ಅಪ್ಪನ ವಾಸನೆ. ನಾವಿಬ್ಬರೂ ಮಕ್ಕಳಂತೆ ಚಪ್ಪಾಳೆ ತಟ್ಟಿದೆವು.

ತಿರುಗಿ ನೋಡಿದರೆ ಅವ್ವ ಹಳೆಯ ಅರಿವೆ ಹಿಡಿದು, ಹಳಿಯ ಪಕ್ಕ ಕೂತು, ನೆಲದ ಮೇಲೆ ಬಿದ್ದ ಎಣ್ಣೆಯ ಹನಿಗಳನ್ನು ಒರೆಸುತ್ತಿದ್ದಳು. "ಅವ್ವಾ, ಕೊಡ ಇಲ್ಲಿ, ನಾ ಒರಸ್ತೀನಿ" ಎಂದು ಕೈ ಚಾಚಿದೆ. ಅರಿವೆಯ ಒಂದು ತುದಿ ಹರಿದು ನನಗೆ ಕೊಟ್ಟಳು.