ಅಡುಗೆಮನೆಯ ಸಾಕ್ಷ್ಯ

ಅರ್ಧ ಒರೆಸಿ ಬಿಟ್ಟ ಮೇಜು. ಡಬ್ಬಿಗೆ ಹಾಕದೆ ಹೊರಗೇ ಉಳಿದ ಬ್ರೆಡ್ಡು. ತೊಳೆಯದ ಪಾತ್ರೆಗಳು. ಅಮೆರಿಕದ ಸೂಸನ್ ಗ್ಲಾಸ್ಪೆಲ್ 1916ರಲ್ಲಿ ಬರೆದ ‘ಟ್ರೈಫಲ್ಸ್’ ಏಕಾಂಕ ನಡೆಯುವುದು ಇಂಥದೊಂದು ಅಡುಗೆಮನೆಯಲ್ಲಿ. ಆ ಹೆಸರಿನ ಅರ್ಥ ಕ್ಷುಲ್ಲಕ ಸಂಗತಿಗಳು ಎಂದು. ಮಹಡಿಯ ಕೋಣೆಯಲ್ಲಿ ರೈತ ಜಾನ್ ರೈಟ್ ಮಲಗಿದ್ದಲ್ಲೇ ಕೊಲೆಯಾಗಿದ್ದಾನೆ. ಯಾರೋ ಕೊರಳಿಗೆ ಹಗ್ಗ ಬಿಗಿದಿದ್ದಾರೆ. ಹೆಂಡತಿ ಮಿನ್ನಿ ಜೈಲಿನಲ್ಲಿದ್ದಾಳೆ.

ಕೊಲೆಗೆ ಕಾರಣ ಹುಡುಕುತ್ತ, ತನಿಖೆಗೆ ಬಂದ ಗಂಡಸರು ಮಹಡಿ ಹತ್ತುತ್ತಾರೆ, ಕೊಟ್ಟಿಗೆ ಸುತ್ತುತ್ತಾರೆ. ಅಡುಗೆಮನೆಯಲ್ಲಿ ಅವರಿಗೆ ಏನೂ ಕಾಣುವುದಿಲ್ಲ. ಅವರ ಜೊತೆ ಬಂದು ಅಲ್ಲೇ ಉಳಿದ ಇಬ್ಬರು ಹೆಂಗಸರ ಕೈಗೆ ಮಿನ್ನಿ ಹೊಲಿಯುತ್ತಿದ್ದ ಕೌದಿ ಸಿಗುತ್ತದೆ. ಹೊಲಿಗೆಯೆಲ್ಲ ಅಚ್ಚುಕಟ್ಟು, ಒಂದು ತುಂಡಿನಲ್ಲಿ ಮಾತ್ರ ಅಡ್ಡಾದಿಡ್ಡಿ. ಆ ಕೈ ಯಾಕೆ ನಡುಗಿತು? ಆಮೇಲೆ ಬಾಗಿಲು ಮುರಿದ ಖಾಲಿ ಪಂಜರ ಕಾಣುತ್ತದೆ. ಕೊನೆಗೆ ಹೊಲಿಗೆಬುಟ್ಟಿಯೊಳಗಿನ ಚಂದದ ಪೆಟ್ಟಿಗೆಯಲ್ಲಿ, ರೇಷ್ಮೆಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾನರಿ ಹಕ್ಕಿ. ಕೊರಳು ತಿರುಚಿ ಕೊಂದದ್ದು.

ಹೆಣ್ಣನ್ನು ಪಂಜರದ ಹಕ್ಕಿಗೆ ಹೋಲಿಸುವುದು ಹಳೆಯ ಮಾತು. ಆ ಸಂಕೇತವನ್ನು ಯಾರು ಓದಬಲ್ಲರು, ಯಾರಿಗೆ ಅದು ಬರೀ ಸತ್ತ ಹಕ್ಕಿ ಎಂದು ಕೇಳಿದ್ದು ಗ್ಲಾಸ್ಪೆಲ್ ಅವರ ಹೆಚ್ಚುಗಾರಿಕೆ.

ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಇಂದು ಒಂದು ಹೆಸರಿದೆ: ಅರಿವಿನ ಅನ್ಯಾಯ. ತತ್ತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ಇದರ ಎರಡು ಬಗೆಗಳನ್ನು ಗುರುತಿಸಿದರು. ಹೇಳುವವರು ಯಾರೆಂದು ನೋಡಿ ಮಾತಿನ ಬೆಲೆ ಇಳಿಸುವುದು ಒಂದು. ಇನ್ನೊಂದು ಮತ್ತೂ ಆಳದ್ದು: ತಾನು ಪಟ್ಟ ಪಾಡನ್ನು ಹೇಳಲು ಸಮಾಜದ ಭಾಷೆಯಲ್ಲಿ ಪದವೇ ಇಲ್ಲದಿರುವುದು. ಫ್ರಿಕರ್ ಕೊಡುವ ಉದಾಹರಣೆ ಕಾರ್ನೆಲ್ ವಿಶ್ವವಿದ್ಯಾಲಯದ ಮಹಿಳಾ ಉದ್ಯೋಗಿಯೊಬ್ಬರದು. ಮೇಲಿನವನ ಕಾಟ ತಾಳಲಾರದೆ ಕೆಲಸ ಬಿಟ್ಟ ಅವರಿಗೆ, ನಿರುದ್ಯೋಗ ಭತ್ಯೆ ಕೇಳುವಾಗ ಬಿಟ್ಟ ಕಾರಣ ಏನೆಂದು ಬರೆಯಲು ಮಾತು ಸಿಗಲಿಲ್ಲ. ಭತ್ಯೆಯೂ ಸಿಗಲಿಲ್ಲ. ‘ಲೈಂಗಿಕ ಕಿರುಕುಳ’ ಎಂಬ ಪದ ಚಲಾವಣೆಗೆ ಬಂದದ್ದು 1975ರಲ್ಲಿ, ಇಂಥ ಹೆಂಗಸರು ಒಟ್ಟಿಗೆ ಕೂತು ಮಾತಾಡಿದ ಮೇಲೆ.

ಮಿನ್ನಿಯ ಪಾಡೂ ಇದೇ. ಜಾನ್ ರೈಟ್ ಕುಡಿಯುತ್ತಿರಲಿಲ್ಲ, ಕೊಟ್ಟ ಮಾತು ತಪ್ಪುತ್ತಿರಲಿಲ್ಲ, ಸಾಲ ಉಳಿಸಿಕೊಳ್ಳುತ್ತಿರಲಿಲ್ಲ. ಊರು ಅವನನ್ನು ಒಳ್ಳೆಯವನೆಂದೇ ಕರೆಯಿತು. ಮನೆ ಇದ್ದದ್ದು ರಸ್ತೆಗೂ ಕಾಣದ ತಗ್ಗಿನಲ್ಲಿ, ಟೆಲಿಫೋನ್ ಅವನಿಗೆ ಬೇಡ, ಮಕ್ಕಳಿಲ್ಲ. ಹುಡುಗಿಯಾಗಿದ್ದಾಗ ಚರ್ಚಿನಲ್ಲಿ ಹಾಡುತ್ತಿದ್ದ ಮಿನ್ನಿ ಆ ಮೌನದಲ್ಲಿ ವರ್ಷಗಟ್ಟಲೆ ಬದುಕಿದಳು. ‘ಗಂಡ ಮಾತಾಡುವುದಿಲ್ಲ, ನನ್ನ ಹಕ್ಕಿಯನ್ನು ಕೊಂದ’ ಎಂದರೆ ಯಾವ ಕೋರ್ಟು ಅದನ್ನು ದೂರೆಂದು ಬರೆದುಕೊಂಡೀತು? ಪದ ಇಲ್ಲದ ಕಡೆ ಕೌದಿ, ಪಂಜರ, ಹಕ್ಕಿ ಮಾತಾಡಬೇಕಾಗುತ್ತದೆ. ಆ ಇಬ್ಬರು ಹೆಂಗಸರಲ್ಲಿ ಒಬ್ಬಳಾದ ನೆರೆಯ ಶ್ರೀಮತಿ ಹೇಲ್‌ಗೆ ಅದು ಕೇಳಿಸುತ್ತದೆ. ಆಗಾಗ ಈ ಮನೆಗೆ ಬರಬೇಕಿತ್ತು ಎಂಬ ಕೊರಗು ಅವಳನ್ನು ಹಿಂಡುತ್ತದೆ. ನಾಟಕದ ಅತಿ ನೋವಿನ ಜಾಗ ಇದು: ಒಂಟಿತನವನ್ನು ಗಂಡನೊಬ್ಬನೇ ಕಟ್ಟಿರಲಿಲ್ಲ. ಕೊನೆಗೆ ಆ ಇಬ್ಬರು ಹೆಂಗಸರೂ ಸತ್ತ ಹಕ್ಕಿಯನ್ನು ಗಂಡಸರ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಾರೆ. ಮಿನ್ನಿ ಕೊನೆವರೆಗೂ ರಂಗಕ್ಕೆ ಬರುವುದಿಲ್ಲ.

ಇದು ಬರೀ ಕಲ್ಪನೆಯ ಕಥೆಯಲ್ಲ. ಡಿಸೆಂಬರ್ 1900ರಲ್ಲಿ ಅಯೋವಾ ರಾಜ್ಯದ ರೈತ ಜಾನ್ ಹೊಸಾಕ್ ಮಲಗಿದ್ದಲ್ಲೇ ಕೊಡಲಿ ಏಟಿಗೆ ಸತ್ತ. ಆ ಕೊಲೆಯ ವಿಚಾರಣೆಯನ್ನು ಪತ್ರಿಕೆಗೆ ವರದಿ ಮಾಡಿದವರು ಇದೇ ಗ್ಲಾಸ್ಪೆಲ್. 1901ರಲ್ಲಿ ಹೆಂಡತಿ ಮಾರ್ಗರೆಟ್‌ಗೆ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. 1903ರ ಮರುವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಆಕೆ ಮನೆಗೆ ಮರಳಿದಳು. ಎರಡೂ ಸಲ ತೀರ್ಪಿಗೆ ಕೂತವರು ಗಂಡಸರೇ. ಆಗ ಅಯೋವಾದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕಿರಲಿಲ್ಲ.