ಹಕಾರ ಬಿಟ್ಟ ತಲೆ

ವಡ್ಡಹಳ್ಳಿ ಟೊಮೆಟೊ ಮಾರ್ಕೆಟ್ಟಿನಲ್ಲಿ ಬಾಕ್ಸ್ ಹೊರುತ್ತಿದ್ದ ಹುಡುಗನ ಎದೆಯ ಮೇಲೆ ಒಂದು ತಲೆ ನಗುತ್ತಿತ್ತು. ಚರ್ಮ ಒಣಗಿ ಮೂಳೆಗೆ ಅಂಟಿದ ಮುಖ, ಕೆದರಿದ ಕೂದಲು, ಗುಳಿಬಿದ್ದ ಕಣ್ಣೊಳಗೆ ಕಿಡಿ. ಬೆವರಿಗೆ ಟೀ ಶರ್ಟು ಮೈಗಂಟಿದಾಗಲೆಲ್ಲ ಅದು ಇನ್ನಷ್ಟು ಹಲ್ಲು ಕಿರಿಯುತ್ತಿತ್ತು. “ಅದ್ಯಾರಪ್ಪ ನಿನ್ನೆದೆ ಮೇಲೆ?” ಅಂದೆ. ಹುಡುಗ ಬಗ್ಗಿ ನೋಡಿಕೊಂಡ, ಅವನೂ ಅದನ್ನು ಆಗಷ್ಟೇ ಕಂಡವನ ಹಾಗೆ. “ಯಾವ್ದೋ ದಯ್ಯ ಸಾರ್. ಸಂತೇಲಿ ಅಗ್ಗಕ್ಕೆ ಬಂತು” ಅಂದು ಮುಂದಿನ ಬಾಕ್ಸಿಗೆ ಕೈಹಾಕಿದ.

ಆ ದಯ್ಯದ ಹೆಸರು ಎಡ್ಡಿ. ಲಂಡನ್ನಿನ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಮನೆದೇವರು ಅಂದರೂ ತಪ್ಪಿಲ್ಲ. 1975ರ ಕ್ರಿಸ್‌ಮಸ್ ದಿನ ಬೇಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಕಟ್ಟಿದ ತಂಡ ಅದು. ಪೂರ್ವ ಲಂಡನ್ನಿನ ಹೆಂಡದಂಗಡಿಗಳಲ್ಲಿ ನುಡಿಸುತ್ತಿದ್ದ ಕಾಲಕ್ಕೆ ಡ್ರಮ್ಮಿನವನ ಹಿಂದೆ ಒಂದು ಮುಖವಾಡ ನೇತುಹಾಕುತ್ತಿದ್ದರು. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು ಜೋಡಿಸಿ, ಕಡೆಯ ಹಾಡಿನ ಹೊತ್ತಿಗೆ ಅದರ ಬಾಯಿಂದ ಕೆಂಪು ನೀರು ಉಗುಳಿಸುತ್ತಿದ್ದರು. ಡ್ರಮ್ಮಿನವನ ತಲೆಗೆ ದಿನಾ ಓಕುಳಿ.

ಆ ಮುಖವಾಡವನ್ನು ಅವರು ‘ದ ಹೆಡ್’ ಅನ್ನುತ್ತಿದ್ದರು, ತಲೆ ಅಂತ. ಆದರೆ ಪೂರ್ವ ಲಂಡನ್ನಿನ ದುಡಿಯುವ ಜನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೆಡ್ ಹೋಗಿ ಎಡ್ ಆಯಿತು, ಎಡ್ ಎಡ್ಡಿಯಾದ. ಇದನ್ನು ಓದಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಬೈರಕೂರು ಹೋಬಳಿಯಲ್ಲಿ ಹುಟ್ಟಿ, ಮನೆಯಲ್ಲಿ ತೆಲುಗು ಕೇಳಿ, ಬೀದಿಯಲ್ಲಿ ‘ಆಲು’, ‘ಅಸು’, ‘ಅಳ್ಳಿ’ ಅನ್ನುತ್ತ ಬೆಳೆದವನು ನಾನು. ಹಕಾರ ನುಂಗಿದ್ದಕ್ಕೆ ಗೆಣ್ಣಿನ ಮೇಲೆ ಬೆತ್ತದ ಏಟು ತಿಂದಿದ್ದೇನೆ. ಅದೇ ನುಂಗುವಿಕೆಯಿಂದ ಲೋಕವೆಲ್ಲ ಮೆರೆಯುವ ಒಂದು ದೈವ ಹುಟ್ಟಿದೆ ಅಂತ ಮೇಷ್ಟ್ರಿಗೆ ಹೇಳೋಣವೆಂದರೆ ಅವರಿಲ್ಲ.

ತಂಡದವರ ನಡುವೆ ಓಡಾಡುತ್ತಿದ್ದ ಒಂದು ಹಾಸ್ಯದ ಕತೆಯೂ ಇದೆ. ಎಡ್ಡಿ ಹುಟ್ಟುವಾಗ ತಲೆ ಮಾತ್ರ ಇತ್ತು, ಮೈ ಇಲ್ಲ. ಐದು ವರ್ಷ ತುಂಬಲಿ, ಮೈ ಹೊಂದಿಸೋಣ ಅಂದ ವೈದ್ಯ. ಆ ಹುಟ್ಟುಹಬ್ಬದ ದಿನ ಅಪ್ಪ ನಗುನಗುತ್ತಾ ಬಂದು, ನಿನಗೊಂದು ಭಾರಿ ಉಡುಗೊರೆ ತಂದಿದ್ದೇನೆ ಅಂದ. ಎಡ್ಡಿ ಮುಖ ಹುಳ್ಳಗೆ ಮಾಡಿದ: ಅಯ್ಯೋ, ಮತ್ತೆ ಟೋಪಿ ಬೇಡ!

ಮೈ ಸಿಗದ ತಲೆಯ ಕತೆಗೆ ಅವರು ನಗುತ್ತಾರೆ, ನಮ್ಮ ಕಡೆ ಕೈಮುಗಿಯುತ್ತಾರೆ. ಎಲ್ಲಮ್ಮನಿಗೆ ನಮ್ಮ ಎಷ್ಟೋ ಊರುಗಳಲ್ಲಿ ತಲೆಯಷ್ಟೇ ಇರುವುದು, ನೆಲದಿಂದ ಎದ್ದುಬಂದ ಹಾಗೆ. ಕೆ.ಜಿ.ಎಫ್. ಆಚೆ ಗಡಿ ದಾಟಿ ಘಟ್ಟ ಇಳಿದರೆ ಗುಡಿಯಾತ್ತಂ. ಅಲ್ಲಿ ಪ್ರತಿ ವರ್ಷ ಮೇ ತಿಂಗಳ ನಡುವೆ, ತಮಿಳರ ವೈಕಾಸಿ ಮಾಸ ಹುಟ್ಟುವ ದಿನ, ಗಂಗಮ್ಮನ ಸಿರಸು ಬೀದಿಬೀದಿ ಸುತ್ತಿ ಬಂದು ಗುಡಿಯಲ್ಲಿ ಕಾದಿರುವ ಮೈಗೆ ಸೇರುತ್ತದೆ. ಪರಶುರಾಮ ಕಡಿದ ತಾಯಿಯ ತಲೆ ಬೇರೊಬ್ಬ ಹೆಂಗಸಿನ ಮೈಗೆ ಕೂಡಿಕೊಂಡ ಕತೆ ಅದು. ತಲೆ ಬರುವ ದಾರಿಯ ಉದ್ದಕ್ಕೂ ತೆಂಗಿನಕಾಯಿ ಒಡೆಯುತ್ತಾರೆ. ಆ ತಲೆಯನ್ನು ಮಾಡಿದ್ದು, ಬಣ್ಣ ಬಳಿದದ್ದು, ಹೊತ್ತದ್ದು ಯಾರೆಂದು ಆ ಜನಕ್ಕೆ ಗೊತ್ತಿಲ್ಲವೆ? ಗೊತ್ತಿದೆ. ಆದರೂ ಮೈ ಕೂಡುವ ಕ್ಷಣದಲ್ಲಿ ಕಣ್ಣಲ್ಲಿ ನೀರು.

ಎಡ್ಡಿಗೆ ಮೈ ಕೊಟ್ಟವನು ಡೆರೆಕ್ ರಿಗ್ಸ್ ಎಂಬ ಚಿತ್ರಗಾರ. ಅವನು ತನ್ನ ಪಾಡಿಗೆ ಬರೆದಿಟ್ಟುಕೊಂಡಿದ್ದ ಪ್ರೇತದ ಚಿತ್ರವನ್ನು ತಂಡದವರು ಮೆಚ್ಚಿ, ತಲೆಗೂದಲು ಒಂದಿಷ್ಟು ಸೇರಿಸು ಅಂದರು. 1980ರ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ಅದು ಬಂತು. 1983ರ ಮುಖಪುಟದಲ್ಲಿ ಎಡ್ಡಿಯ ತಲೆಬುರುಡೆ ಕೊಯ್ದು ಸರಪಳಿ ಬಿಗಿದು ಹುಚ್ಚರ ಕೋಣೆಗೆ ಹಾಕಿದರು. ಮರುವರ್ಷ ಈಜಿಪ್ಟಿನ ಫೇರೋ ಆಗಿ ಕೂತಿದ್ದ. 1985ರಲ್ಲಿ ಸಿಡಿಲು ಬಡಿದು ಗೋರಿಯಿಂದೆದ್ದ, 1986ಕ್ಕೆ ಅರ್ಧ ಯಂತ್ರವಾಗಿದ್ದ. ಈ ನಡುವೆ ಹಾಡುಗಾರ ಪಾಲ್ ಡಿಯಾನೊ ಹೋಗಿ ಬ್ರೂಸ್ ಡಿಕಿನ್ಸನ್ ಬಂದ, 1993ರಲ್ಲಿ ಅವನೂ ಹೋಗಿ 1999ರಲ್ಲಿ ತಿರುಗಿ ಬಂದ. ಕಡೆಗೆ ರಿಗ್ಸ್ ಕೈಯಿಂದಲೇ ಎಡ್ಡಿ ಜಾರಿದ. 1992ರ ಮುಖಪುಟ ಬೇರೆಯವನು ಬರೆದ. ಬರೆಯುವ ಕೈ, ಹಾಡುವ ಕೊರಳು ಎಲ್ಲ ಬದಲಾದರೂ ತಲೆ ಮಾತ್ರ ಅಲ್ಲಾಡಲಿಲ್ಲ.

ವೇದಿಕೆಯ ಮೇಲೆ ಎಡ್ಡಿ ನಡೆದು ಬರುವ ರೀತಿ ಇನ್ನೂ ಚೆಂದ. ಶುರುವಿನಲ್ಲಿ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ತಾನೇ ಮುಖವಾಡ ಹಾಕಿಕೊಂಡು ನುಗ್ಗುತ್ತಿದ್ದನಂತೆ. ಲೆಕ್ಕಪತ್ರ ನೋಡುವವನೇ ಭೂತ! ಆಮೇಲೆ ಮರಗಾಲಿನ ಮೇಲೆ ಆಳೆತ್ತರ ಮೀರಿದ ಎಡ್ಡಿ ಬಂದ. ಗಿಟಾರಿನವರು ಅವನ ಕಾಲಸಂದಿಯಲ್ಲಿ ನುಸುಳಿ ಓಡುತ್ತಾರೆ, ಸಾವಿರಾರು ಜನ ಕೈಯೆತ್ತಿ ಕೂಗುತ್ತಾರೆ. 2007ರ ಮಾರ್ಚ್ 17ರಂದು ನಮ್ಮೂರಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರು ಅರಮನೆ ಮೈದಾನದಲ್ಲೇ ಆ ತಂಡ ಹಾಡಿ ಹೋಯಿತು. ನಾನು ಹೋಗಲಿಲ್ಲ. ಆಗ ನನಗೆ ಅದು ಬರೀ ಗದ್ದಲ.

ಗದ್ದಲದೊಳಗೆ ಏನಿದೆಯೆಂದು ಹೊಳೆದದ್ದು ನಮ್ಮ ಕೇಳಿಕೆ ನೆನಪಾದ ಮೇಲೆ. ಮೂಡಲಪಾಯ ಅಂತ ಪುಸ್ತಕದವರು ಕರೆಯುವ ಬಯಲಾಟವನ್ನು ನಮ್ಮ ಕಡೆ ಕೇಳಿಕೆ ಅನ್ನುತ್ತೇವೆ. ನಡುರಾತ್ರಿ ಮೀರಿದಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಗೆಜ್ಜೆಕಾಲಿನ ಒದೆತ, ಮುಖವೀಣೆಯ ಕಿರುಚು, ಎದೆ ನಡುಗಿಸುವ ಕೇಕೆ. ಮರದ ಕಿರೀಟ, ಭುಜಕೀರ್ತಿ ಹೊತ್ತ ರಕ್ಕಸ ತೆರೆಯ ಮೇಲಿಂದ ಕಣ್ಣಷ್ಟೇ ತೋರಿಸುತ್ತಾನೆ. ನಾನು ಅಜ್ಜಿಯ ಸೆರಗೊಳಗೆ. “ಕುರಿ ಕಾಯೋ ತಾತ ಕಣೋ, ನಿನ್ನೆ ನಿಂಗೆ ಸೀಬೆಹಣ್ಣು ಕೊಟ್ಟನಲ್ಲ” ಅಂದಳು ಅಜ್ಜಿ. ಅದು ನನಗೂ ಗೊತ್ತಿತ್ತು. ಆದರೂ ಚಡ್ಡಿ ಒದ್ದೆಯಾಯಿತು.

ಬೆರಗು ಅಜ್ಞಾನದಿಂದ ಹುಟ್ಟುತ್ತದೆ ಎಂದು ಹೇಳುವವರನ್ನು ಆಗಿನಿಂದ ನಾನು ನಂಬಿಲ್ಲ. ಬೆಳಗಾದ ಮೇಲೆ ತಾತ ಕಟ್ಟೆಯ ಮೇಲೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದ. ಅರ್ಧ ಮುಖ ತಾತನದು, ಅರ್ಧ ರಕ್ಕಸನದು. ಆ ಅರ್ಧ ಮುಖ ನೋಡುತ್ತಾ ನಾನು ನಿಂತೇ ಇದ್ದೆ. ರಾತ್ರಿಯ ಕೇಕೆಗಿಂತ ಅದು ದೊಡ್ಡ ಆಟ. ಕಿವಿಯ ಹಿಂದಿನ ಅರದಾಳದ ಹಳದಿ ಎರಡು ದಿನ ಹೋಗಲಿಲ್ಲ, ಆ ಎರಡು ದಿನವೂ ಅವನ ಕುರಿಗಳು ಎಂದಿನ ಹಾಗೇ ಅವನ ಹಿಂದೆ ಹೋದವು.

ನ್ಯೂಯಾರ್ಕಿನ ಕಿಸ್ ತಂಡದವರಿಗೂ ಬಣ್ಣ ತೆಗೆಯುವ ಈ ಬೆಳಗು ಬಂತು. ಬಾಯಿಂದ ರಕ್ತ ಸುರಿಸಿ ಬೆಂಕಿ ಉಗುಳುವ ಅಸುರ ವೇಷದ ಜೀನ್ ಸಿಮನ್ಸ್ ಇದ್ದ ತಂಡ. 1980ರಲ್ಲಿ ಅವರ ಯುರೋಪ್ ಯಾತ್ರೆಯಲ್ಲಿ ಮೊದಲು ನುಡಿಸುತ್ತಿದ್ದದ್ದು ಇದೇ ಐರನ್ ಮೇಡನ್. 1983ರ ಸೆಪ್ಟೆಂಬರಿನಲ್ಲಿ ಕಿಸ್‌ನವರು ಟಿವಿ ಮುಂದೆ ಬರಿಮುಖದಲ್ಲಿ ಕೂತರು. ಬಣ್ಣವಿಲ್ಲದೆ ವರ್ಷಗಟ್ಟಲೆ ಹಾಡಿದರು. 1996ರಲ್ಲಿ ಮತ್ತೆ ಬಳಿದುಕೊಂಡರು, ಜನ ಮುಗಿಬಿದ್ದರು. ಬಣ್ಣದ ಹಿಂದಿನ ಮೂಗು ಬಾಯಿ ಎಲ್ಲ ನೋಡಿಯಾಗಿದ್ದ ಜನವೇ ಅವರು. 2023ರ ಡಿಸೆಂಬರಿನಲ್ಲಿ ಕಡೆಯ ಆಟ ಮುಗಿಸಿ, ಇನ್ನು ಮುಂದೆ ಕಂಪ್ಯೂಟರ್ ಬೊಂಬೆಗಳು ನಮ್ಮ ಬದಲು ಹಾಡುತ್ತವೆ ಅಂದರು. ಇದು ಮಾತ್ರ ನನಗೆ ಒಗ್ಗುತ್ತಿಲ್ಲ. ಒಳಗೆ ಬೆವರುವವನೇ ಇಲ್ಲದ ವೇಷಕ್ಕೆ ಯಾವ ಮಗುವಿನ ಚಡ್ಡಿ ಒದ್ದೆಯಾದೀತು?

ತಾತ ತೀರಿಕೊಂಡು ಬಹಳ ಕಾಲವಾಯಿತು. ಕೇಳಿಕೆಯೂ ನಿಂತಿದೆ. ರಕ್ಕಸನ ಕಿರೀಟ ನಮ್ಮೂರ ಗುಡಿಯ ಅಟ್ಟದ ಮೇಲೆ ಗೋಣಿಚೀಲದಲ್ಲಿ ಕೂತಿದೆ. ಹೋದ ಸಲ ಇಳಿಸಿ ನೋಡಿದೆ; ಒಂದು ಕಡೆ ಗೆದ್ದಲು ಹತ್ತಿದೆ, ಉಳಿದದ್ದು ಗಟ್ಟಿಯಾಗಿದೆ. ತೂಕ ಜಾಸ್ತಿ. ಹೊರುವ ಮನಸ್ಸುಳ್ಳ ಹುಡುಗರು ಯಾರಾದರೂ ಇದ್ದರೆ ಬನ್ನಿ, ಬೀಗದಕೈ ಪೂಜಾರಪ್ಪನ ಮನೆಯಲ್ಲಿರುತ್ತದೆ.