ಒಂಟಿತನವು ಅಪರಾಧವೆ?

ಎಳ್ಳಮಾವಾಸ್ಯೆಯ ದಿನ ಅಫಜಲಪುರ ತಾಲೂಕಿನ ಗೊಬ್ಬೂರದಂತಹ ಊರಿನಲ್ಲಿ ಜನರೆಲ್ಲರೂ ಹೊಲದ ದಾರಿ ಹಿಡಿಯುತ್ತಾರೆ. ಬೆಳೆಗೆ ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿಗಳ ಬುತ್ತಿಯನ್ನು ಬಿಚ್ಚಿ, ನೆಂಟರೂ ನೆರೆಯವರೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಅಂತಹ ದಿನವೂ ತನ್ನ ಪಾಲಿನ ರೊಟ್ಟಿಯನ್ನೆತ್ತಿಕೊಂಡು ದೂರದ ಬದುವಿನ ಮೇಲೆ ಒಬ್ಬನೇ ಕುಳಿತು ಉಣ್ಣುವವನಿದ್ದರೆ ಜನರು ಏನೆನ್ನುವರು? ಸೊಕ್ಕಿನವನೆಂದು ಕೆಲವರು, ಗಾಳಿ ಸೋಕಿದವನೆಂದು ಕೆಲವರು. ಆದರೆ ಅವನು ಯಾರ ಮೇಲೂ ಮುನಿದಿಲ್ಲ, ಯಾರಿಗೂ ಅಂಜಿಲ್ಲ. ಕೂಟದಲ್ಲಿ ಇತರರಿಗೆ ದೊರೆಯುವ ಸುಖವು ಅವನಿಗೆ ದೊರೆಯದು, ಅಷ್ಟೆ. ಇದು ದೋಷವೊ, ರೋಗವೊ, ಸ್ವಭಾವವೊ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಪಾಶ್ಚಾತ್ಯ ಮನೋವೈದ್ಯರು ಈ ಪ್ರಕೃತಿಯನ್ನು ‘ಸ್ಕಿಜಾಯ್ಡ್’ ಎಂದು ಕರೆದರು. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು ಸ್ಕಿಜೋಫ್ರೇನಿಯಾ ಎಂಬ ರೋಗಕ್ಕೆ ಹೆಸರಿಟ್ಟನು. ಹೆಸರು ಹತ್ತಿರದ್ದಾದುದರಿಂದ ಎರಡನ್ನೂ ಒಂದೆಂದು ಬಗೆಯುವವರುಂಟು. ಆದರೆ ಇಲ್ಲಿ ಇಲ್ಲದ ದನಿ ಕೇಳಿಸುವುದಿಲ್ಲ, ಭ್ರಮೆ ಕವಿಯುವುದಿಲ್ಲ. ಹೊರಗೆ ತಣ್ಣಗೆ ತೋರುವ ಇಂತಹವರಲ್ಲಿ ಕೆಲವರ ಒಳಗು ಅತಿ ಮೃದುವಾಗಿರುವುದೆಂದು 1921ರಲ್ಲಿ ಜರ್ಮನಿಯ ಕ್ರೆಚ್‌ಮರನು ಬರೆದನು. ಜನರ ಸಂಗವನ್ನು ಬಯಸಿಯೂ ಅವಹೇಳನಕ್ಕೆ ಹೆದರಿ ಹಿಂಜರಿಯುವವನು ಬೇರೆ, ಆ ಬಯಕೆಯೇ ಹುಟ್ಟದವನು ಬೇರೆ ಎಂಬ ಭೇದವನ್ನು ಅಮೆರಿಕದ ಮನೋವೈದ್ಯ ಸಂಘವು 1980ರ ತನ್ನ ಕೈಪಿಡಿಯಲ್ಲಿ ಮಾಡಿತು. ಒಂಟಿತನವೊಂದೇ ರೋಗವಲ್ಲ, ಅದು ಬಹುಕಾಲ ಗಟ್ಟಿಗೊಂಡು ಬಾಳುವೆಯನ್ನೇ ಕುಂಠಿತಗೊಳಿಸಿದಾಗ ಮಾತ್ರ ವೈದ್ಯನು ಅದನ್ನು ವಿಕಾರವೆನ್ನುವನು.

ಈ ಸೀಮೆಗೆ ಏಕಾಂತವು ಹೊಸತಲ್ಲ. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯನು ನೆರೆಯ ಆಳಂದದವನೆಂದು ಅಬ್ಬಲೂರಿನ ಶಾಸನವು ಹೇಳುತ್ತದೆ. ಶಿವನಲ್ಲಿ ಅವನಿಗಿದ್ದ ಏಕಾಂತಭಕ್ತಿಯೇ ಅವನ ಹೆಸರಾಯಿತು. ಅವನದು ವ್ರತ, ಬದುವಿನ ಮೇಲೆ ಕುಳಿತವನದು ಸ್ವಭಾವ, ಎರಡನ್ನೂ ಸಮವೆನ್ನಲಾಗದು. ಆದರೂ ದೇವರ ಹೆಸರು ಹೊತ್ತ ಏಕಾಂತಕ್ಕೆ ಕೈಮುಗಿಯುವ ಲೋಕವು ಯಾವ ಹೆಸರೂ ಇಲ್ಲದ ಏಕಾಂತವನ್ನು ಸಂಶಯದಿಂದ ಕಾಣುವುದು ನ್ಯಾಯವೆ?

ಸಮಾಜದ ಅನ್ನವುಂಡವನಿಗೆ ಸಮಾಜದ ಋಣವಿಲ್ಲವೆ ಎಂದು ಕೇಳಬಹುದು. ಖಂಡಿತವಾಗಿಯೂ ಉಂಟು. ತಾಯಿಗೆ ಜ್ವರ ಬಂದರೆ ನೀರು ಕೊಡುವುದು ಅವನ ಕರ್ತವ್ಯ. ಮಮತೆ ಉಕ್ಕಿಬರಲೆಂದು ಅದಕ್ಕೆ ಕಾಯಬೇಕಾಗಿಲ್ಲ. ಅವನು ಮಾಡಬೇಕಾದುದನ್ನು ಕೇಳುವ ಹಕ್ಕು ಮನೆಯವರಿಗುಂಟು. ಅವನಿಗೆ ಏನೆನಿಸಬೇಕೆಂದು ವಿಧಿಸುವ ಹಕ್ಕು ಯಾರಿಗೂ ಇಲ್ಲ. ಸಮಾಜದ ರೂಢಿಗೆ ಹೊಂದಲಿಲ್ಲವೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸತಕ್ಕದ್ದಲ್ಲವೆಂದು ಭಾರತದ 2017ರ ಮಾನಸಿಕ ಆರೋಗ್ಯದ ಕಾಯಿದೆಯೂ ಹೇಳುತ್ತದೆ.

‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತು ಊರೂರಿನಲ್ಲಿಯೂ ಕೇಳಿಬರುವುದು. ಮದುವೆಯು ಔಷಧವಲ್ಲ. ಒಬ್ಬನ ಮೌನವನ್ನು ಮುರಿಯಲೆಂದು ಏನೂ ಅರಿಯದ ಹೆಣ್ಣುಮಗಳನ್ನು ಆ ಮೌನದೊಳಕ್ಕೆ ತಂದಿಡುವುದು ಇಬ್ಬರಿಗೂ ಬಗೆದ ಅನ್ಯಾಯ. ಇಬ್ಬರೂ ಎಲ್ಲವನ್ನೂ ತಿಳಿದು ಒಪ್ಪಿದರೆ ಮಾತು ಬೇರೆ.

ಹಾಗಾದರೆ ಇಂತಹವರೊಡನೆ ಬಾಳುವ ಬಗೆ ಯಾವುದು? ಒಬ್ಬನೇ ಮಾಡಬಹುದಾದ ಕೆಲಸವನ್ನು ಅವನಿಗೆ ಒಪ್ಪಿಸಬೇಕು. ನೆಂಟರು ಬರುವುದನ್ನು ಮುಂದಾಗಿಯೇ ತಿಳಿಸಬೇಕು. ಮೌನವನ್ನು ತಿರಸ್ಕಾರವೆಂದು ಎಣಿಸಬಾರದು. ಆದರೆ ಬಿಟ್ಟುಕೊಡುವುದೆಂದರೆ ಬಿಟ್ಟುಬಿಡುವುದಲ್ಲ. ಅವನು ಊಟ ನಿದ್ರೆಗಳನ್ನು ತೊರೆದರೆ, ಇಲ್ಲದ ದನಿ ಕೇಳುತ್ತದೆಂದರೆ, ಸಾವಿನ ಮಾತನಾಡಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಮನೆಯವರೂ ಸಲಹೆ ಪಡೆಯಬಹುದು. ಸ್ವಭಾವವನ್ನು ಬದಲಿಸುವ ಗುಳಿಗೆಯಿಲ್ಲ. ಅವನು ತಾನಾಗಿ ಬಯಸಿದರೆ, ತಾಳ್ಮೆಯುಳ್ಳ ವೈದ್ಯರೊಡನೆ ಮೆಲ್ಲಮೆಲ್ಲನೆ ನಡೆಯುವ ಮಾತುಕತೆಯಿಂದ ನೆರವಾದೀತು.

ಬದುವಿನ ಮೇಲೆ ಕುಳಿತವನಿಗೆ ಪಂಕ್ತಿಯಿಂದ ಇನ್ನೊಂದು ಕಡುಬನ್ನು ಒಯ್ದುಕೊಟ್ಟು, ಕೆಣಕದೆ ಹಿಂದಿರುಗುವ ಮನೆಯವರು ಧರ್ಮವನ್ನು ಅರಿತವರು. ಸಂಜೆ ಅವನು ಬರಿದಾದ ತಟ್ಟೆಯನ್ನು ತೊಳೆದು ತಂದು ಬುಟ್ಟಿಯಲ್ಲಿಟ್ಟರೆ, ಅದನ್ನೇ ಅವನ ಮಾತೆಂದು ತಿಳಿಯತಕ್ಕದ್ದು.